ಸಾಣಿಗಿ ಕೆಳಗೆ ಬಿದ್ದದ್ದು

ನನ್ನ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಾಳು ಹಸನು ಮಾಡುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅಣ್ಣಿಗೇರಿಯ ಎರಿ ಹೊಲದ ಕಡಲೆಯಾಗಲಿ ಜೋಳವಾಗಲಿ ಮನೆಗೆ ಬರುವಾಗ ಅರ್ಧ ಹೊಲವನ್ನೇ ಹೊತ್ತು ತರುತ್ತದೆ. ಅವ್ವ ಮೊದಲು ಸೇರಿನಿಂದ ಅಳೆಯುತ್ತಿದ್ದಳು. ಆಮೇಲೆ ಮರದಲ್ಲಿ ಹಾಕಿ ಕೇರಿ ಹೊಟ್ಟು ಹಾರಿಸುತ್ತಿದ್ದಳು. ಸಾಣಿಗಿಯಲ್ಲಿ ಹಿಡಿದು ಮಣ್ಣು, ನುಚ್ಚು ಬೀಳಿಸುತ್ತಿದ್ದಳು. ಹರಳು ಆರಿಸಿ, ಕೊನೆಗೆ ಮತ್ತೊಮ್ಮೆ ಅಳೆಯುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಸಾಣಿಗಿ ಕೆಳಗೆ ಬಿದ್ದದ್ದನ್ನು ಬೆರಳಾಡಿಸಿ ನೋಡಿದ ಮೇಲೆಯೇ ಹೊರಗೆ ಚೆಲ್ಲಲು ಅಪ್ಪಣೆ. "ಕಸದಾಗ ಕಾಳು ಹೋಗಬಾರದವಾ" ಎನ್ನುತ್ತಿದ್ದಳು. ಆಡಲು ಓಡುವ ಆತುರದಲ್ಲಿದ್ದ ನನಗೆ ಇದೆಲ್ಲ ಮುದುಕರ ಜಿಪುಣತನ ಅನ್ನಿಸುತ್ತಿತ್ತು.

ಈ ಮಾತು ಐವತ್ತು ವರ್ಷಗಳ ಮೇಲೆ ನೆನಪಾದದ್ದು ಕಂಪ್ಯೂಟರಿನ ಮುಂದೆ ಎಂದರೆ ನೀವು ನಗಬಹುದು. ನಕ್ಕುಬಿಡಿ, ಆಮೇಲೆ ಕೇಳಿ.

2020ರ ಲಾಕ್‌ಡೌನಿನಲ್ಲಿ ಮಗಳು ಬೆಂಗಳೂರಿನಿಂದ ತನ್ನ ಲ್ಯಾಪ್‌ಟಾಪಿನೊಂದಿಗೆ ಊರಿಗೆ ಬಂದಿದ್ದಳು. ಪಡಸಾಲೆಯ ಕಂಬಕ್ಕೆ ಒರಗಿಕೊಂಡು ಆಫೀಸು ನಡೆಸುತ್ತಿದ್ದಳು. ಆಕೆಯ ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ; ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ನಿವೃತ್ತ ಶಾಲಾ ಮಾಸ್ತರಿಣಿಯಾದ ನನಗೆ ಅದೊಂದು ಹಿಡಿಸಿತು. ಅಲ್ಲಿ ಆಕೆ ಏನೋ ಒಂದು ಸಾಲು ಬರೆದು ಒತ್ತಿದರೆ ಸಾವಿರಾರು ಸಾಲುಗಳು ಸರ್ರನೆ ಓಡಿ ಹೋಗುತ್ತಿದ್ದವು.

ಆಗಲೇ ನಮ್ಮ ಹೆಣ್ಣುಮಕ್ಕಳ ಸಂಘಗಳವರು ಸೇರಿ ಕೂಲಿ ಇಲ್ಲದ ಮನೆಗಳಿಗೆ ದಿನಸಿ ಚೀಲ ಹಂಚಲು ಮುಂದಾದರು. ಒಂದು ರೇಷನ್ ಕಾರ್ಡಿಗೆ ಒಂದು ಚೀಲ. ಒಂಬತ್ತು ಸಂಘಗಳಿಂದ ಒಂಬತ್ತು ಯಾದಿ ಬಂದವು. ಕೆಲವರು ಎರಡು ಸಂಘಗಳಲ್ಲಿದ್ದುದರಿಂದ ಅವರ ಹೆಸರು ಎರಡು ಸಲ ಬಂದಿತ್ತು. ನಾನು ಕೆಂಪು ಪೆನ್ನು ಹಿಡಿದು ಕುಳಿತದ್ದನ್ನು ನೋಡಿ ಮಗಳು, "ಅವ್ವಾ, ಇಲ್ಲಿ ತಾ, ಒಂದ ಸಾಲಿನ್ಯಾಗ ಮುಗಸ್ತೀನಿ" ಅಂದಳು. ಮುಗಿಸಿಯೂ ಬಿಟ್ಟಳು. ಚಹಾ ಆರುವುದರೊಳಗೆ ಅಕಾರಾದಿಯಾಗಿ ಚೊಕ್ಕ ಯಾದಿ ನನ್ನ ಕೈಯಲ್ಲಿತ್ತು. ನಾನು ಹೆಮ್ಮೆಯಿಂದ ನಾಲ್ಕು ಮನೆಗೆ ಹೇಳಿಕೊಂಡು ಬಂದೆ.

ಹಂಚುವ ದಿನ ಯಾದಿ ಹಿಡಿದು ಕುಳಿತವಳು ನಾನೇ. ಬಿಸಿಲು, ಮುಖಕ್ಕೆಲ್ಲ ಮಾಸ್ಕು, ದೂರ ದೂರ ನಿಂತ ಸಾಲು. ಬಸವ್ವ ಎಂಬಾಕೆ ಬಂದು ಹೆಸರು ಹೇಳಿದಳು. ನೋಡಿದರೆ ಆ ಹೆಸರಿನ ಮುಂದೆ ಆಗಲೇ ಗುರುತು ಬಿದ್ದಿದೆ.

"ಯಕ್ಕಾ, ನಿಮ್ಮದು ಒಯ್ದದ್ದಾಗೇತಲ್ರಿ" ಅಂದೆ.

"ಅಲ್ರೀ ಅಕ್ಕಾರ, ನಾ ಈಗ ಬರಾಕತ್ತೀನ್ರಿ."

ಸಾಲಿನ ಹಿಂದಿನಿಂದ ಯಾರೋ, "ಎರಡೆರಡು ಒಯ್ಯಾಕ ನೋಡ್ತಾರ" ಅಂದರು. ಆಕೆ ಮತ್ತೆ ಮಾತಾಡಲಿಲ್ಲ. ಕೈಯಲ್ಲಿದ್ದ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಳು. ನಾನು ಕಾಗದ ನೋಡಿದೆ, ಮುಖ ನೋಡಲಿಲ್ಲ.

ಸಂಜೆ ಲೆಕ್ಕ ಮಾಡಿದರೆ ಐದು ಚೀಲ ಉಳಿದಿದ್ದವು. ಬರಿಗೈಲೆ ಹೋದವರು ಮೂವರು. ಇದೆಂಥ ಲೆಕ್ಕ? ರಾತ್ರಿ ಊಟವಾದ ಮೇಲೆ, "ನೀ ಬರದ ಆ ಒಂದು ಸಾಲು ನನಗ ಬಿಡಿಸಿ ಹೇಳು" ಎಂದು ಮಗಳ ಎದುರು ಕುಳಿತೆ.

ಆಕೆ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಒಂದೊಂದೇ ಕೆಲಸ ಬಲ್ಲ ಸಣ್ಣ ಸಣ್ಣ ಆಳುಗಳಿದ್ದಾರೆ. 'ಕಟ್' ಎಂಬವನು ಬೇಕಾದ ಕಾಲಮ್ಮನ್ನಷ್ಟೇ ಕತ್ತರಿಸುತ್ತಾನೆ. 'ಸಾರ್ಟ್' ಸಾಲಾಗಿ ಜೋಡಿಸುತ್ತಾನೆ. 'ಯುನೀಕ್' ಒಂದೇ ಥರದ ಸಾಲುಗಳು ಪಕ್ಕಪಕ್ಕದಲ್ಲಿ ಬಂದರೆ ಒಂದನ್ನು ಇಟ್ಟು ಉಳಿದವನ್ನು ಬಿಡುತ್ತಾನೆ. ಪಕ್ಕದವನನ್ನಷ್ಟೇ ನೋಡುವ ಸ್ವಭಾವ ಅವನದು, ಅದಕ್ಕೇ ಮೊದಲು ಸಾರ್ಟ್ ಆಗಬೇಕು. ಇವರ ನಡುವೆ ಒಂದು ನಿಂತ ಗೆರೆ ಎಳೆದರೆ ಒಬ್ಬನ ಕೈಯಿಂದ ಬಿದ್ದದ್ದು ಇನ್ನೊಬ್ಬನ ಕೈಗೆ ಹೋಗುತ್ತದೆ. ಆ ಗೆರೆಗೆ ಪೈಪು ಎಂದೇ ಹೆಸರು. ಅಮೆರಿಕದ ಬೆಲ್ ಲ್ಯಾಬ್ಸಿನ ಡಗ್ ಮ್ಯಾಕಿಲ್ರಾಯ್ ಎಂಬವರು 1964ರಲ್ಲೇ, ತೋಟಕ್ಕೆ ನೀರು ಬಿಡುವ ಪೈಪಿಗೆ ಇನ್ನೊಂದು ತುಂಡು ಜೋಡಿಸಿದಂತೆ ಪ್ರೋಗ್ರಾಮುಗಳನ್ನು ಜೋಡಿಸಲು ಬರಬೇಕು ಎಂದು ಬರೆದಿಟ್ಟಿದ್ದರಂತೆ. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ಮಾಡಿ ತೋರಿಸಿದರಂತೆ.

ಕಟ್ | ಸಾರ್ಟ್ | ಯುನೀಕ್. ಇಷ್ಟೇ ಆಕೆಯ ಸಾಲು.

"ಯಾವ ಕಾಲಮ್ ಕತ್ತರಿಸಿದಿ?"

"ಹೆಸರು, ಅಡ್ಡಹೆಸರು."

ನನಗೆ ಎದೆ ಧಸಕ್ಕೆಂದಿತು. ನಮ್ಮ ಕಡೆ ಒಂದೇ ಓಣಿಯಲ್ಲಿ ಎಷ್ಟು ಬಸವ್ವ, ಎಷ್ಟು ಗಂಗವ್ವ, ಎಷ್ಟು ಶಾಂತವ್ವ! ಅಷ್ಟೇಕೆ, ಒಂದೇ ಮನೆಗೆ ಬಂದ ಇಬ್ಬರು ನೆಗೆಣ್ಣಿಯರಿಗೂ ಅದೇ ಹೆಸರಿದ್ದರೆ ಅಡ್ಡಹೆಸರೂ ಒಂದೇ ಆಯಿತಲ್ಲ! ಮಂದಿ ಅವರನ್ನು ದೊಡ್ಡ ಬಸವ್ವ, ಸಣ್ಣ ಬಸವ್ವ ಎನ್ನುತ್ತಾರೆ. ಇವರಿಬ್ಬರ ಒಲೆ ಬೇರೆಯಾಗಿ, ಕಾರ್ಡು ಬೇರೆಯಾಗಿ ವರ್ಷಗಳೇ ಆಗಿದ್ದವು. ಕಂಪ್ಯೂಟರಿಗೆ ಮಾತ್ರ ಇಬ್ಬರೂ ಸೇರಿ ಒಬ್ಬಳೇ. ಸಣ್ಣಾಕೆ ಮೊದಲು ಬಂದು ಒಯ್ದಳು. ದೊಡ್ಡಾಕೆ ಕಳ್ಳಿಯಾಗಿ ನಿಂತಳು.

ಇನ್ನು ಉಳಿದ ಐದು ಚೀಲ? ಒಂದು ಯಾದಿಯಲ್ಲಿ ಶಾಂತವ್ವ, ಇನ್ನೊಂದರಲ್ಲಿ ಶಾಂತಮ್ಮ. ಒಂದೆರಡು ಕಡೆ ಹೆಸರೂ ಅದೇ, ಆದರೆ ಟೈಪು ಮಾಡಿದವರು ಕೊನೆಗೆ ಒಂದು ಖಾಲಿ ಜಾಗ ಬಿಟ್ಟಿದ್ದರು. ನಮ್ಮ ಕಣ್ಣಿಗೆ ಕಾಣದ ಆ ಖಾಲಿಯಿಂದಾಗಿ ಒಬ್ಬಾಕೆ ಇಬ್ಬರಾಗಿದ್ದಳು.

ಮಗಳು ತಲೆ ತಗ್ಗಿಸಿ, "ನಮ್ಮ ಆಫೀಸಿನ್ಯಾಗ ಉದ್ದ ಸಾಲು ಒಂದ ಸಲಕ್ಕ ಬರದ್ರ ಭಾರಿ ಶಾಣ್ಯಾ ಅಂತಾರ ಅವ್ವಾ" ಅಂದಳು. ನನಗೆ ನಗುವೂ ಬಂತು, ಕನಿಕರವೂ ಬಂತು. ಹೊಸದಾಗಿ ನಡೆಯಲು ಬಂದ ಸೊಸೆ ಮರವನ್ನು ಎತ್ತರಕ್ಕೆ ಹಾರಿಸಿ ಹಾರಿಸಿ ಕೇರುತ್ತಾಳೆ, ನೋಡುವವರು ಭೇಷ್ ಅನ್ನಲಿ ಎಂದು. ಕಾಳು ಅಂಗಳದ ತುಂಬ.

ಆಗ ಅವ್ವನ ಹಸನು ಮಾಡುವ ಕ್ರಮ ಹೇಳಿದೆ. ಆಕೆ ಹೊಸದಾಗಿ ಬರೆಯತೊಡಗಿದಳು. ಈ ಸಲ ಒಂದು ಸಾಲಿಗೆ ಒಂದೇ ಹಂತ. ಮೊದಲು 'ಕ್ಯಾಟ್' ಎಂಬುದರಿಂದ ಇಡೀ ಯಾದಿಯನ್ನು ಪರದೆಗೆ ಸುರಿದು ಕಣ್ಣಾಡಿಸಿದೆವು. ಬಲ್ಲವರು ಈ ಕ್ಯಾಟಿನಿಂದ ಶುರು ಮಾಡುವವರನ್ನು ಗೇಲಿ ಮಾಡುತ್ತಾರಂತೆ, ಮುಂದಿನ ಆಳು ತಾನೇ ಕಡತ ತೆರೆಯಬಲ್ಲನಾದ್ದರಿಂದ ಇದು ದಂಡದ ಕೆಲಸವಂತೆ. ಯಂತ್ರಕ್ಕೆ ದಂಡವಿರಬಹುದು. ಕಾಳನ್ನು ಮೊದಲು ಮರದಲ್ಲಿ ಹರಡಿ ನೋಡುವುದು ನಮಗೆ ದಂಡವಲ್ಲ ಎಂದೆ.

ಪ್ರತಿ ಹಂತದ ಮೇಲೂ 'ಡಬ್ಲ್ಯೂಸಿ' ಎಂಬುದರಿಂದ ಸಾಲು ಎಣಿಸಿದೆವು. ಇದೇ ನಮ್ಮ ಸೇರು. ಹೆಸರಿನ ಬದಲು ಕಾರ್ಡಿನ ನಂಬರು ಕತ್ತರಿಸಿ, ಕೊನೆಯ ಖಾಲಿ ಜಾಗ ತೆಗೆದು, ಸಾರ್ಟ್ ಮಾಡಿದೆವು. ಯುನೀಕ್‌ಗೆ 'ಡಿ' ಎಂಬ ಅಕ್ಷರ ಸೇರಿಸಿದರೆ ಎರಡೆರಡು ಸಲ ಬಂದವನ್ನಷ್ಟೇ ತೋರಿಸುತ್ತದೆ. ಅವನ್ನು ಒಂದೊಂದಾಗಿ ನಾನೇ ಓದಿದೆ. ನಡುವೆ 'ಟೀ' ಎಂಬುದನ್ನೂ ಹಾಕಿದಳು. ನಳದ ಕೆಲಸದವರು ಪೈಪಿಗೆ ಕೂಡಿಸುವ ಟೀ ಇದೆಯಲ್ಲ, ಅದರದೇ ಹೆಸರು. ನೀರು ಮುಂದಕ್ಕೂ ಹರಿಯುತ್ತದೆ, ಒಂದು ಪಾಲು ಪಕ್ಕದ ಕಡತದಲ್ಲೂ ಉಳಿಯುತ್ತದೆ, ಆಮೇಲೆ ನೋಡಿಕೊಳ್ಳಲು. ಹೊತ್ತು ಹೆಚ್ಚು ಹಿಡಿಯಿತು. ಆದರೆ ಬಿಟ್ಟುಹೋದ ಮೂವರೂ ಸಿಕ್ಕರು.

ಮರುದಿನ ಚೀಲ ಹೊತ್ತು ದೊಡ್ಡ ಬಸವ್ವನ ಮನೆಗೆ ಇಬ್ಬರೂ ಹೋದೆವು. ತಪ್ಪಾಯಿತು ಎಂದೆ. ಆಕೆ ಬೇಗ ಮಾತಾಡಲಿಲ್ಲ. ಆಮೇಲೆ, "ಚೀಲ ನಿನ್ನೆ ಸಿಗದಿದ್ರ ನಡೀತಿತ್ರಿ ಅಕ್ಕಾರ. ಆ ಮಂದ್ಯಾಗ ಹಂಗ ಅನ್ನಿಸ್ಕೊಂಡೆ ನೋಡ್ರಿ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಎಲ್ಲರ ಎದುರು, ತಪ್ಪು ನಮ್ಮ ಯಾದಿಯದು ಎಂದು ನಿಂತು ಹೇಳಿದೆ. ಹೇಳಬೇಕಾದದ್ದೇ ಆಗಿತ್ತು. ಹೊರಡುವಾಗ ಆಕೆ ಮಗಳಿಗೆ ಅಂದ ಮಾತು ಇಷ್ಟೇ: "ತಂಗೀ, ನನ್ನ ಹೆಸರಿನ ಮುಂದ ದೊಡ್ಡ ಅಂತ ಬರಕೊಳ್ಳವಾ. ಆ ನಿನ್ನ ಮಿಷನ್‌ಗೂ ಗೊತ್ತಾಗ್ಲಿ."

ಮಗಳು ಈಗ ಮತ್ತೆ ಬೆಂಗಳೂರಿನಲ್ಲಿದ್ದಾಳೆ. ಆಕೆಯ ಕೈಕೆಳಗೆ ಹೊಸ ಹುಡುಗ ಹುಡುಗಿಯರು ಸೇರಿದ್ದಾರೆ. ಉದ್ದನೆಯ ಸಾಲು ಬರೆದು ತಂದವರಿಗೆ, "ಬಿಟ್ಟದ್ದು ಎಷ್ಟು? ಅದರಾಗ ಯಾರ‍್ಯಾರಿದ್ರು?" ಎಂದು ಕೇಳುತ್ತಾಳಂತೆ. ಕಿರಿಕಿರಿಯ ಮೇಡಮ್ ಎಂದು ಹೆಸರಿಟ್ಟಿದ್ದಾರಂತೆ. ಫೋನಿನಲ್ಲಿ ಇದನ್ನು ಹೇಳಿ ಆಕೆ ನಗುತ್ತಿದ್ದರೆ ನಾನು ಇತ್ತ ಮರದಲ್ಲಿ ಕಡಲೆ ಹರಡಿಕೊಂಡು ಕುಳಿತಿದ್ದೆ. ಸಾಣಿಗಿ ಕೆಳಗಿನ ನುಚ್ಚಿನಲ್ಲಿ ಬೆರಳಾಡಿಸಿದೆ. ನಾಲ್ಕು ಒಳ್ಳೆಯ ಕಾಳು ಸಿಕ್ಕವು.