ಮಳೆಗಾಲದಲ್ಲಿ ಬಿಳಿಚಿದ ಕಾರು

2022ರ ಆಗಸ್ಟ್ ತಿಂಗಳ ಒಂದು ಸಂಜೆ. ಬೆಳಗಿನಿಂದ ಹೆಂಚಿನ ಮೇಲೆ ಒಂದೇ ಸದ್ದು. ಕಾರವಾರದ ಮಳೆ ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಛತ್ರಿ ಮಡಚುತ್ತ ನಮ್ಮ ಜಗಲಿ ಹತ್ತಿದವರು ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ. ಅಂಕೋಲೆಯ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರು. ಅವರ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ ಚಪ್ಪಲಿ ಪೆಟ್ಟಿಗೆಯೊಂದಿತ್ತು.

"ಮಾಸ್ತರೇ, ಇದು ನಿಮ್ಮದು. ವಾಪಸ್ ಕೊಡೋಕೆ ಬಂದೆ."

ಪೆಟ್ಟಿಗೆಯೊಳಗೆ ಇದ್ದದ್ದು ಒಂದು ಗೇಣಿಗೂ ಕಡಿಮೆ ಉದ್ದದ ಬೀಟಲ್ ಕಾರು, ಅರ್ಧ ಜೋಡಿಸಿದ್ದು. ಬೇಸಿಗೆ ರಜೆಯಲ್ಲಿ ಆ ಕಿಟ್ಟನ್ನು ಹುಡುಗನಿಗೆ ಕೊಟ್ಟವನು ನಾನೇ. ಮೊದಲ ಟೆಸ್ಟಿನಲ್ಲಿ ಅವನಿಗೆ ವಿಜ್ಞಾನದಲ್ಲಿ ಅರ್ಧದಷ್ಟೂ ಅಂಕ ಬಂದಿರಲಿಲ್ಲ. ವಿಜ್ಞಾನ ಕಲಿಸುವವನೂ ನಾನೇ. ಕೊಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕಿತ್ತು, ಕೇಳಿರಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಪಿಯುಸಿ ಓದುವಾಗ. ಗಲ್ಫಿನಲ್ಲಿದ್ದ ದೊಡ್ಡಪ್ಪನ ಮಗ ರಜೆಗೆ ಬಂದಾಗ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಕಾರೇ ಇರಲಿಲ್ಲ! ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಕಾಯಿ ಕಚ್ಚಿದಂತೆ ಅಂಟಿಕೊಂಡ ಬಿಡಿಭಾಗಗಳು, ಟಯರು, ಒಂದು ಹಾಳೆ ಚಿತ್ರ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ಕಾರನ್ನು ನಾವೇ ಮಾಡಿಕೊಳ್ಳಬೇಕು. ಅಂದು ಅವಸರದಲ್ಲಿ ಅಕ್ಕನ ಉಗುರುಬಣ್ಣ ತೆಗೆಯುವ ದ್ರವದಿಂದ ಬಾಗಿಲಿನ ಮೇಲಿನ ಕಲೆ ಒರೆಸಲು ಹೋದೆ. ಕಲೆಯ ಜೊತೆ ಬಾಗಿಲೂ ಕರಗಿತು. ಅಸಿಟೋನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ ಎಂದು ನಾನು ಕಲಿತದ್ದು ಬಿಎಸ್ಸಿಯಲ್ಲಲ್ಲ, ಆ ಬಾಗಿಲಿನಿಂದ. ಕಿಟ್ಟಿಗೆ ಬಳಸುವ ಅಂಟೂ ಇದೇ ಜಾತಿಯದು. ಎರಡೂ ಭಾಗಗಳ ಅಂಚನ್ನು ಸ್ವಲ್ಪ ಕರಗಿಸಿ ಒಂದು ಮಾಡಿಬಿಡುತ್ತದೆ. ಒಣಗಿದ ಮೇಲೆ ಅದು ಬೆಸುಗೆಯೇ ಸರಿ.

ಪೆಟ್ಟಿಗೆಯ ಮೇಲೆ 1:24 ಎಂದು ಬರೆದಿರುತ್ತದೆ. ಒಂದು ಅಡಿಗೆ ಅರ್ಧ ಇಂಚು ಎಂಬ ಹಳೆಯ ಇಂಗ್ಲಿಷ್ ಲೆಕ್ಕ ಅದು. ನಾಲ್ಕು ಮೀಟರ್ ಚಿಲ್ಲರೆ ಉದ್ದದ ಬೀಟಲ್ ಸುಮಾರು 17 ಸೆಂ.ಮೀ. ಆಗುತ್ತದೆ. ಇಲ್ಲಿಯವರೆಗೆ ಮಕ್ಕಳು ಸುಲಭವಾಗಿ ಹೇಳುತ್ತಾರೆ. ತೂಕ ಎಷ್ಟಾಗಬೇಕು ಎಂದರೆ ಮಾತ್ರ ಒಟ್ಟಾಗಿ "ಇಪ್ಪತ್ತನಾಲ್ಕನೇ ಒಂದು ಪಾಲು ಸರ್" ಎಂಬ ಕೂಗು. ಉದ್ದ 24 ಪಟ್ಟು ಕಡಿಮೆಯಾದರೆ ಅಗಲವೂ ಎತ್ತರವೂ ಅಷ್ಟೇ ಕಡಿಮೆ. ಆದ್ದರಿಂದ ತೂಕ 24ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 13,824 ಪಟ್ಟು ಕಡಿಮೆ. ಎಂಟುನೂರು ಕಿಲೋದ ಕಾರು ಅರವತ್ತು ಗ್ರಾಂ ಕೂಡ ತೂಗದು! ಇನ್ನು ನಿಜವಾದ ಕಾರಿನ ತಗಡು ಒಂದು ಮಿಲಿಮೀಟರಿನ ಆಸುಪಾಸು. ಕಿಟ್ಟಿನ ಪ್ಲಾಸ್ಟಿಕ್ಕೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅಂದರೆ ಅಳತೆಯ ಪ್ರಕಾರ ನಾವು ಎರಡು ಸೆಂಟಿಮೀಟರಿಗೂ ಮಿಕ್ಕ ದಪ್ಪದ ತಗಡಿನ ಕಾರು ಮಾಡುತ್ತಿರುತ್ತೇವೆ, ಯುದ್ಧದ ಟ್ಯಾಂಕಿನ ಹಾಗೆ. ಅದಕ್ಕೇ ಕಣ್ಣಿಗೆ ಬೀಳುವ ಅಂಚುಗಳನ್ನು ಒಳಗಿನಿಂದ ಉಜ್ಜಿ ತೆಳ್ಳಗೆ ಮಾಡಬೇಕು, ಬಣ್ಣವನ್ನೂ ಹಾಲಿನಂತೆ ತೆಳುವಾಗಿ ಹಾಕಬೇಕು.

ಕಾರವಾರದ ಟಾಗೋರ್ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯನ್ನು ನೋಡಲು ಹೋದಾಗಲೆಲ್ಲ ನಾನು ಇದೇ ಲೆಕ್ಕ ಕೇಳುವುದುಂಟು. ಮೂವತ್ತೆಂಟೂವರೆ ಮೀಟರಿನ ಆ ಕ್ಷಿಪಣಿ ದೋಣಿಯನ್ನು 1:24ರಲ್ಲಿ ಮಾಡಿದರೆ 160 ಸೆಂ.ಮೀ. ಆದೀತು. ನಮ್ಮ ಮನೆಯಲ್ಲಿ ಅದನ್ನು ಇಟ್ಟರೆ ನಾನು ಹೊರಗೆ ಮಲಗಬೇಕು. ಹಡಗಿನ ಮಾದರಿ ಮಾಡುವವರು 1:350 ಹಿಡಿಯುವುದು ಅದಕ್ಕೇ. ಆಗ ಚಪಲ್ ಹನ್ನೊಂದು ಸೆಂಟಿಮೀಟರ್. ಆ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಉತ್ತರ ಹೇಳಿದವನೇ ಈ ಹುಡುಗ. ಕಿಟ್ಟು ಅವನ ಕೈಗೆ ಹೋದದ್ದು ಹಾಗೆ.

ಅಂಕೋಲೆಯಿಂದ ಕಾರವಾರದವರೆಗೆ ಮಳೆಯಲ್ಲಿ ಬಂದ ಮನುಷ್ಯನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ಸಮಾಧಾನದಿಂದಲೇ ಕೇಳಿದರು. ಆಮೇಲೆ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಬಣ್ಣದ ಧೂಳು ಕುಡೀತಾ ಇದ್ದೇನೆ ಮಾಸ್ತರೇ. ರಾತ್ರಿ ಮಲಗಿದ್ರೆ ಕೆಮ್ಮು. ಮಗನಿಗೆ ಈ ವಾಸನೆ ಬೇಡ ಅಂತ ಓದಿಸ್ತಾ ಇರೋದು. ನೀವು ಅದನ್ನೇ ಮನೆಯೊಳಗೆ ಕಳಿಸಿದ್ರಿ."

ನನ್ನ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ಚಹ ಬಂತು, ಸದ್ಯ.

ಚಹ ಕುಡಿಯುತ್ತ ಅವರು ಪೆಟ್ಟಿಗೆಯಿಂದ ಕಾರಿನ ಮೈಯನ್ನು ಎತ್ತಿ ದೀಪಕ್ಕೆ ಹಿಡಿದರು. ನೀಲಿ ಬಣ್ಣದ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಮಬ್ಬು. ಎರಡು ವಾರದ ಹಿಂದೆ ಹುಡುಗ ಇದನ್ನೇ ತೋರಿಸಿ "ಯಾಕೆ ಸರ್ ಹೀಗಾಯ್ತು?" ಎಂದು ಕೇಳಿದ್ದ. "ಸ್ಪ್ರೇ ಡಬ್ಬಿ ಹಳೆಯದಿರಬೇಕು" ಎಂದು ಹೇಳಿ ಕಳಿಸಿದ್ದೆ.

"ಡಬ್ಬಿ ಏನೂ ಆಗಿಲ್ಲ. ಮಳೇಲಿ ಹೊಡೆದಿದ್ದಾನೆ," ಎಂದರು ತಂದೆ. "ನಾವು ಮಳೆಗಾಲದಲ್ಲಿ ಗನ್ ಹಿಡಿಯೋ ಮೊದಲು ಗೋಡೆ ಮುಟ್ಟಿ ನೋಡ್ತೇವೆ. ಗೋಡೆ ಬೆವರಿದ್ರೆ ಆ ದಿನ ಬಣ್ಣ ಇಲ್ಲ. ಅರ್ಜೆಂಟ್ ಗಾಡಿ ಆದ್ರೆ ನಿಧಾನ ಆರೋ ಥಿನ್ನರ್ ಹಾಕಬೇಕು. ಬೇಗ ಆರೋದು ಹಾಕಿದ್ರೆ ಹೀಗೇ ಬಿಳಿಚ್ಕೊಳ್ತದೆ."

ಲೋಟ ಕೈಯಲ್ಲೇ ಉಳಿಯಿತು. ದ್ರವ ಆವಿಯಾಗುವಾಗ ತನ್ನ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಇದರಿಂದ. ತಣ್ಣಗಿನ ಮೇಲ್ಮೈಗೆ ತೇವದ ಗಾಳಿ ತಾಗಿದರೆ ಹನಿಗಟ್ಟುತ್ತದೆ, ಐಸು ಹಾಕಿದ ಲೋಟದ ಹೊರಮೈ ಒದ್ದೆಯಾಗುವುದು ಇದರಿಂದ. ಮಡಕೆ, ಲೋಟ ಎರಡನ್ನೂ ಮೇಜಿನ ಮೇಲಿಟ್ಟು ನಾನು ಸುಮಾರು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಬಣ್ಣದ ಥಿನ್ನರ್ ಬೇಗ ಆರಿದಷ್ಟೂ ಕಾರಿನ ಮೈ ತಣ್ಣಗಾಗುತ್ತದೆ, ಆಗಸ್ಟಿನ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಬಿದ್ದು ಬಿಳಿಯಾಗಿ ಕಾಣುತ್ತದೆ. ಎರಡೂ ಪಾಠಗಳು ಒಂದು ನೀಲಿ ಕಾರಿನ ಮೇಲೆ ಕೂಡಿ ಕುಳಿತಿದ್ದವು. ಹುಡುಗ ತಂದು ತೋರಿಸಿದ್ದ. ಆದರೂ ನನಗೆ ಕಂಡಿರಲಿಲ್ಲ.

ಇದನ್ನು ಅವರಿಗೆ ವಿವರಿಸಿದೆ. "ಓಹೋ, ಅದಕ್ಕೆ ಹಾಗಾ," ಎಂದರು. ಒಮ್ಮೆ ತರಗತಿಗೆ ಬಂದು ಮಕ್ಕಳಿಗೆ ಗೋಡೆ ಬೆವರುವ ವಿಷಯ ಹೇಳಿ ಎಂದು ಕೇಳಿಕೊಂಡೆ. ನಕ್ಕುಬಿಟ್ಟರು, ಬರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಪೆಟ್ಟಿಗೆ ನನ್ನ ಬಳಿಯೂ ಬೇಡ, ಹುಡುಗನ ಬಳಿಯೂ ಬೇಡ. ಪರೀಕ್ಷೆ ಮುಗಿಯುವವರೆಗೆ ತಂದೆಯ ಹತ್ತಿರ ಇರಲಿ. ಬಣ್ಣ ಹೊಡೆಯುವುದಾದರೆ ತೆರೆದ ಜಗಲಿಯಲ್ಲಿ, ಮಾಸ್ಕ್ ಕಟ್ಟಿಕೊಂಡು, ಅವರೆದುರಿಗೇ. ಈ ಕೊನೆಯ ಷರತ್ತು ನಾನು ಮೊದಲೇ ಹಾಕಬೇಕಾಗಿದ್ದದ್ದು.

ಮರುದಿನ ತರಗತಿಯಲ್ಲಿ, ನಾನು ಕೊಟ್ಟ ಉತ್ತರ ತಪ್ಪು, ಸರಿಯಾದ ಉತ್ತರ ಇವನ ತಂದೆ ಹೇಳಿದ್ದು ಎಂದು ಹೇಳಿ ಮಡಕೆಯ ಪಾಠವನ್ನು ಮತ್ತೊಮ್ಮೆ ಮಾಡಿದೆ. ತಂದೆಯ ಕೆಲಸದ ಮಾತು ಬಂದಾಗ ಹುಡುಗ ತಲೆ ತಗ್ಗಿಸಿದ. ಪಾಠದ ಮಧ್ಯೆ ಯಾವಾಗಲೋ ಎತ್ತಿದ.

2023ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪ್ರಥಮ ದರ್ಜೆ; ಕನ್ನಡದಲ್ಲಿ ವಿಜ್ಞಾನಕ್ಕಿಂತ ಹೆಚ್ಚು ಅಂಕ. ತಂದೆ ಬಯಸಿದಷ್ಟು ಬರಲಿಲ್ಲ. ಅದರಲ್ಲಿ ಕಾರಿನ ಪಾಲೆಷ್ಟು ಎಂದು ಲೆಕ್ಕ ಹಾಕುವ ಧೈರ್ಯ ನನಗಾಗಿಲ್ಲ.

ಫಲಿತಾಂಶಕ್ಕೆ ಮೊದಲೇ, ಎಪ್ರಿಲ್ ಮಧ್ಯದಲ್ಲಿ ಪರೀಕ್ಷೆ ಮುಗಿದ ವಾರ, ಅಪ್ಪ ಮಗ ಇಬ್ಬರೂ ಪೆಟ್ಟಿಗೆ ಹಿಡಿದು ಬಂದರು. ಗೋಡೆ ಒಣಗಿತ್ತು, ಗಾಳಿಯೂ ಹದವಾಗಿತ್ತು. ನಾನು ಹಳೆಯ ಪೇಪರ್ ಹಾಸಿದೆ. ಹುಡುಗ ಮುಚ್ಚಳ ತೆಗೆದ. ಬಿಳಿ ಮಬ್ಬು ಎಲ್ಲೂ ಇಲ್ಲ. ಸಣ್ಣ ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು, ನಾಲ್ಕೈದು ಸಲ ತೆಳ್ಳಗೆ ಬಣ್ಣ ಹೊಡೆದು, ಪಾಲಿಶ್ ಮಾಡಿದ ಕಾರಿನ ಮೈ. ಜಗಲಿಯ ಕಂಬ ಅದರಲ್ಲಿ ಕಾಣುತ್ತಿತ್ತು. ನಾನು ಮೂವತ್ತೈದು ವರ್ಷದಲ್ಲಿ ಅಂಥದ್ದೊಂದನ್ನು ಮಾಡಿಲ್ಲ.

"ರಾತ್ರಿ ಪುರಸೊತ್ತಿತ್ತು," ಎಂದರು ತಂದೆ, ಎತ್ತಲೋ ನೋಡುತ್ತ.

ಹುಡುಗನ ಮುಖ ಮಾತ್ರ ಸಣ್ಣದಾಯಿತು. "ಅಪ್ಪಾ, ಅದು ನಾನು ಮಾಡಬೇಕಾಗಿತ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಂದೆ ತಲೆ ಕೆರೆದುಕೊಂಡರು. "ಹಾಗಾದ್ರೆ ಥಿನ್ನರ್ ಹಾಕಿ ಎಲ್ಲಾ ತೆಗೆದುಬಿಡಲಾ?"

"ಬೇಡ!" ಎಂದು ನಾನೂ ಹುಡುಗನೂ ಒಟ್ಟಿಗೇ ಕೂಗಿದೆವು.