ಚಿತ್ರವೂ ಚಿತ್ರಕಾರನೂ

ಶಿಲ್ಪಿಯು ತಾನು ಕಡೆದ ವಿಗ್ರಹದ ಪೀಠದಲ್ಲಿ ತನ್ನ ಹೆಸರನ್ನು ಕೊರೆದಿಡುವುದು ಕನ್ನಡ ನಾಡಿಗೆ ಹೊಸತಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೀಗೆ ಹೆಸರನ್ನು ಉಳಿಸಿಹೋಗಿರುವರು. 13ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಅನೇಕ ವಿಗ್ರಹಗಳ ಕೆಳಗೆ ಕಾಣುವುದು. ಕಲ್ಲನ್ನು ಒಡೆದಲ್ಲದೆ ಆ ಹೆಸರನ್ನು ಬೇರ್ಪಡಿಸಲಾಗದು. ಅಂತರ್ಜಾಲದಲ್ಲಿ ಸಂಚರಿಸುವ ಚಿತ್ರಕ್ಕಾದರೋ ಅಂತಹ ಪೀಠವಿಲ್ಲ. ಅದು ಕೈಯಿಂದ ಕೈಗೆ ಹೋಗುವಾಗ ಮೊದಲು ಅಳಿಯುವುದು ಬರೆದವನ ಹೆಸರೇ.

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ ಬನಶಂಕರಿಯ ಬಸ್ಸು ನಿಲ್ದಾಣದ ಬಳಿಯಲ್ಲಾಗಲಿ ಸ್ವಲ್ಪ ಹೊತ್ತು ನಿಂತವರು ಕಾರುಗಳ ಹಿಂಗಾಜಿನ ಮೇಲೆ ಒಂದು ಹನುಮಂತನ ಮುಖವನ್ನು ಕಂಡೇ ಇರುವರು: ಕಪ್ಪು ನೆರಳು, ಕೇಸರಿಯ ರೇಖೆ, ಗಂಟಿಕ್ಕಿದ ಹುಬ್ಬು. ಅದನ್ನು ಅಂಟಿಸಿಕೊಂಡವರಲ್ಲಿ ಬಹುಮಂದಿಗೆ ಅದು ಯಾರ ಕೃತಿಯೆಂದು ತಿಳಿಯದು. ಅದನ್ನು ರಚಿಸಿದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ತರುಣ ಕಲಾವಿದ ಕರಣ್ ಆಚಾರ್ಯರು. 2015ರಲ್ಲಿ ಊರಿನ ಗೆಳೆಯರು ಗಣೇಶೋತ್ಸವದ ಧ್ವಜಕ್ಕೊಂದು ಚಿತ್ರ ಬೇಕೆಂದು ಕೇಳಿದರು, ಅವರು ಬರೆದುಕೊಟ್ಟರು. ಧ್ವಜದಿಂದ ಹೊರಟ ಹನುಮಂತನು ಸಮುದ್ರವನ್ನಲ್ಲದಿದ್ದರೂ ಘಟ್ಟವನ್ನು ಹಾರಿ ಬೆಂಗಳೂರಿಗೆ ಬಂದನು, ದೇಶವನ್ನೆಲ್ಲ ಸುತ್ತಿದನು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿಗಳು ಈ ಕಲಾವಿದರನ್ನು ಹೊಗಳಿದರು. ಆ ಮುಖವು ಭಕ್ತಿಯದೋ ರೋಷದದೋ ಎಂದು ವಾಗ್ವಾದಗಳೂ ನಡೆದವು. ಚಿತ್ರವನ್ನು ಮುದ್ರಿಸಿ ಮಾರಿದವರು ಅಸಂಖ್ಯ. ಅನುಮತಿ ಕೇಳಿದವರು ಎಷ್ಟು ಮಂದಿ?

ಇದೇ ಕುಂಬಳೆಯು ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ಪ್ರಸಿದ್ಧವಾದುದು. ಅವನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳ ಕರ್ತೃ ನಿಜವಾಗಿ ಯಾರೆಂಬುದನ್ನು ಕುರಿತು ಮುಳಿಯ ತಿಮ್ಮಪ್ಪಯ್ಯನವರೂ ಶಿವರಾಮ ಕಾರಂತರೂ ಮೊದಲಾದ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದುದುಂಟು. ಹಾಡಿದವರು ಹಾಡುತ್ತಲೇ ಇದ್ದರು. ಕವಿಯ ಹೆಸರು ಮಾತ್ರ ವಿವಾದಕ್ಕೆ ಬಿದ್ದಿತು. ಶತಮಾನಗಳ ಅಂತರದಲ್ಲಿ ಆದುದು ಇಂದು ಕೆಲವೇ ತಿಂಗಳುಗಳಲ್ಲಿ ಆಗುತ್ತಿರುವುದು.

ಹಾಗಾದರೆ ಕರ್ತೃವನ್ನು ಹುಡುಕುವ ಬಗೆ ಹೇಗೆ? ಓಲೆಗರಿಗಳ ಪಾಠವನ್ನು ಶೋಧಿಸಿದವರಿಗೆ ಈ ಮಾರ್ಗ ಪರಿಚಿತವೇ. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವುದು ಯಾವುದರಿಂದ ಇಳಿದುಬಂದಿತೆಂದು ನೋಡಬೇಕು. ಅಂಚು ಕತ್ತರಿಸಿದ ಚಿತ್ರವು ಕತ್ತರಿಸದುದಕ್ಕಿಂತ ಈಚಿನದು; ಮಸುಕಾದುದು ಸ್ಪಷ್ಟವಾದುದರ ನಕಲು. ಚಿತ್ರವನ್ನೇ ಕೊಟ್ಟು ಅದರ ಸರಿಜೋಡಿಗಳನ್ನು ಹುಡುಕಿಸುವ ಯಂತ್ರಗಳು ಈಗ ಇವೆ. ಅವು ತೋರಿಸಿದವುಗಳಲ್ಲಿ ಅತ್ಯಂತ ಹಳೆಯದೂ ದೊಡ್ಡದೂ ಆದ ಪ್ರತಿಯ ಬಳಿ ಕರ್ತೃವಿನ ಸುಳಿವು ಸಿಗುವ ಸಂಭವ ಹೆಚ್ಚು. ಬರೆದವನೂ ಒಡೆಯನೂ ಒಬ್ಬನೇ ಆಗಿರಬೇಕೆಂದಿಲ್ಲ; ಸಂಬಳಕ್ಕಾಗಿ ಬರೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಯಜಮಾನನದು.

ಹೆಸರಿಲ್ಲದ ಚಿತ್ರವು ಒಡೆಯನಿಲ್ಲದ ಚಿತ್ರವೆಂಬ ಭಾವನೆ ತಪ್ಪು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಹಕ್ಕು ಕೃತಿಯೊಡನೆಯೇ ಹುಟ್ಟುವುದು, ನೋಂದಣಿಯ ಅಗತ್ಯವಿಲ್ಲ. ಕಲಾವಿದನ ಜೀವಮಾನವೂ ಆಮೇಲೆ 60 ವರ್ಷಗಳೂ ಅದು ನಿಲ್ಲುವುದು. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಅವನಿಗೆ ಉಳಿಸಿಕೊಟ್ಟಿದೆ. ಕರ್ತೃವು ಎಷ್ಟು ಹುಡುಕಿದರೂ ಸಿಕ್ಕದಿದ್ದರೆ, ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಪರವಾನಗಿ ಬೇಡುವ ದಾರಿಯೂ ಕಾಯಿದೆಯಲ್ಲಿದೆ. ಆದರೆ ಪತ್ರಕ್ಕೆ ಉತ್ತರ ಬಾರದೆ ಹೋದಾಗ ಮೌನವೇ ಸಮ್ಮತಿಯೆಂಬ ಲೋಕೋಕ್ತಿ ಇಲ್ಲಿ ಸಲ್ಲದು.

ಬಡಾವಣೆಯ ರಾಮೋತ್ಸವ ಸಮಿತಿಯವರು ಆಹ್ವಾನಪತ್ರಿಕೆಗೆ ಚಿತ್ರವೊಂದನ್ನು ಆರಿಸುವಾಗ ಇಷ್ಟೆಲ್ಲ ಏತಕ್ಕೆಂದು ಕೇಳಬಹುದು. ಸಂಗೀತಗಾರರಿಗೆ ತಾಂಬೂಲವಿತ್ತು, ಪೆಂಡಾಲಿನವನಿಗೆ ಮುಂಗಡ ಕೊಟ್ಟು, ಪಾನಕಕ್ಕೆ ಬೆಲ್ಲ ತೂಗಿಸಿದ ಮೇಲೆ, ಪತ್ರಿಕೆಯ ಮುಖದಲ್ಲಿ ದೇವರನ್ನು ಮೂಡಿಸಿದವನೊಬ್ಬನನ್ನೇ ಮರೆಯುವುದು ಯಾವ ನ್ಯಾಯ? ಕೇಳಿದರೆ ಬಹುಶಃ ಅವನು ಸಂತೋಷದಿಂದಲೇ ಕೊಟ್ಟಾನು. ಕೊಡಲಾರೆನೆಂದರೆ ಬೇರೆ ಚಿತ್ರವನ್ನು ಹುಡುಕಬೇಕಾದೀತು, ಅಷ್ಟೆ. ಕೇಳದೆ ತೆಗೆದುಕೊಂಡಾಗ, ಕೊಡುವ ಪುಣ್ಯವೂ ಅವನಿಗೆ ತಪ್ಪುವುದು.