ಪೂರ್ವಪಕ್ಷ

ನಮ್ಮ ಕಂಟೋನ್ಮೆಂಟಿನ ಗಲ್ಲಿಗಳಲ್ಲಿ ಹಗಲು ಹತ್ತು ಘಂಟೆಯ ಮೇಲೆ ನಡೆದುಹೋದವರಿಗೆ ಒಂದು ನೋಟವು ಪರಿಚಿತವಾಗಿರುವುದಷ್ಟೆ. ಪಡಸಾಲೆಯಲ್ಲಿ ನೀಲಿ ಜೀನ್ಸ್ ಷರಾಯಿಗಳ ರಾಶಿ. ಅದರ ಸುತ್ತ ನಾಲ್ಕಾರು ಮಂದಿ ಹೆಂಗಸರು. ಒಬ್ಬೊಬ್ಬರ ಕೈಯಲ್ಲಿಯೂ ಒಂದು ಪುಟ್ಟ ಕತ್ತರಿ. ಹೊಲಿಗೆ ಮುಗಿದ ಬಟ್ಟೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಿ ತೆಗೆಯುವುದು ಅವರ ಕಸಬು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಯವರಿಗೆ ಬಿಟ್ಟುಕೊಟ್ಟ ತರುವಾಯ ಇಲ್ಲಿ ದಂಡು ನೆಲೆಸಿತು. ಆ ದಂಡಿನ ಉಡುಪನ್ನು ಹೊಲಿಯುತ್ತಿದ್ದ ದರ್ಜಿಗಳ ಕೈಗುಣವೇ ಕಾಲಾಂತರದಲ್ಲಿ ಬಳ್ಳಾರಿಯ ಜೀನ್ಸ್ ಆಯಿತೆಂದು ಹಿರಿಯರು ಹೇಳುವುದುಂಟು. ದಂಡು ಹೋದರೂ ಸೂಜಿ ಉಳಿಯಿತು.

ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಿನ್ಯಾಸಶಾಸ್ತ್ರವನ್ನು ಓದುತ್ತಿದ್ದ ನನ್ನ ಮೊಮ್ಮಗಳು ತನ್ನ ಕಡೆಯ ಆರು ತಿಂಗಳ ಯೋಜನೆಗೆ ಈ ಹೆಂಗಸರ ಕೆಲಸವನ್ನೇ ಆರಿಸಿಕೊಂಡು ನಮ್ಮ ಮನೆಗೆ ಬಂದಳು. ಆ ವಿದ್ಯೆಯ ವಿಷಯದಲ್ಲಿ ನನಗೆ ಆದರವಿರಲಿಲ್ಲ. “ಚಿತ್ರ ಬರೆಯುವುದಕ್ಕೆ ನಾಲ್ಕು ವರ್ಷ ಬೇಕೆ?” ಎಂದು ಹಿಂದೊಮ್ಮೆ ಅವಳ ತಂದೆಯ ಎದುರಿಗೇ ಅಂದಿದ್ದೆ. ಅವಳು ಅದನ್ನು ಮರೆತಿರಲಿಲ್ಲ. ಬಂದ ಎರಡನೆಯ ದಿನ ನನ್ನ ಕೈಗೆ ಒಂದು ಸಣ್ಣ ಗ್ರಂಥವನ್ನು ಕೊಟ್ಟಳು. ನಮ್ಮ ಸರ್ಕಾರದವರು ಕೇಳಿಕೊಂಡದ್ದರ ಮೇರೆಗೆ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು 1958ರಲ್ಲಿ ಬರೆದ ವರದಿ ಅದು. ಅದರ ಫಲವಾಗಿಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತಂತೆ. ತೆರೆದು ನೋಡಿದರೆ ಮೊದಲಿಗೇ ಭಗವದ್ಗೀತೆಯ ಕರ್ಮಫಲದ ಮಾತು! ಮುಂದೆ ನಮ್ಮ ಚೊಂಬಿನ ಪ್ರಶಂಸೆ. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ಸೊಂಟದ ಮೇಲೊ ತಲೆಯ ಮೇಲೊ ಹೊರುವಾಗ ಭಾರವು ಎಲ್ಲಿ ನಿಲ್ಲುವುದು, ಬೆಲೆಯೇನು, ಇನ್ನೊಂದು ಪಾತ್ರೆಗೆ ತಗುಲಿದರೆ ಬರುವ ನಾದವೆಂತಹುದು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಇಂತಹ ವಸ್ತುವನ್ನು ಯಾರೋ ಒಬ್ಬನು ಕುಳಿತು ಕಲ್ಪಿಸಿರಲಾರನು, ತಲೆಮಾರುಗಳು ಸೇರಿ ತಿದ್ದಿದುವು ಎಂಬುದು ಅವರ ನಿರ್ಣಯ. ಐವತ್ತು ವರ್ಷಗಳಿಂದ ಚೊಂಬಿನಲ್ಲಿ ನೀರು ಕುಡಿದ ನಾನು ಆ ದಿನ ಅದನ್ನು ತಿರುಗಿಸಿ ನೋಡಿದೆನು.

ಮೂರು ವಾರ ಹುಡುಗಿಯು ಆ ಹೆಂಗಸರ ಸಂಗಡ ಕುಳಿತು ತಾನೂ ದಾರ ಕತ್ತರಿಸಿದಳು. ಕತ್ತು ಬಗ್ಗಿ ಬಗ್ಗಿ ಬೆನ್ನು ನೋಯುವುದನ್ನು ಕಂಡಳು. ದಾರದ ಚೂರು ಸೀರೆಗೂ ಮಕ್ಕಳ ತಟ್ಟೆಗೂ ಸೇರುವುದನ್ನು ಕಂಡಳು. ಆಮೇಲೆ ಒಬ್ಬ ಬಡಗಿಯಿಂದ ಇಳಿಜಾರಾದ ಹಲಗೆಯುಳ್ಳ ಗಿಡ್ಡ ಪೀಠಗಳನ್ನು ಮೂರು ಮಾಡಿಸಿ, ಮೂರು ಮನೆಗೆ ಕೊಟ್ಟಳು. ನೋಡುವುದಕ್ಕೆ ಬಹು ಚೆನ್ನಾಗಿದ್ದುವು. ನಾಲ್ಕನೆಯ ದಿನ ಹೋಗಿ ನೋಡಲಾಗಿ, ಒಂದರ ಮೇಲೆ ನೀರಿನ ಕೊಡವಿತ್ತು. ಇನ್ನೊಂದು ಬಾಗಿಲ ಹಿಂದೆ ಇತ್ತು. ಮೂರನೆಯದನ್ನು ಬಡಪಾಯಿ ಮುದುಕಿಯೊಬ್ಬಳು ನಮ್ಮ ಮನೆಗೇ ತಂದು ಒಪ್ಪಿಸಿದಳು. “ತಪ್ಪು ತಿಳೀಬ್ಯಾಡವ್ವಾ, ಕಾಲು ಚಾಚಾಕ ಆಗಂಗಿಲ್ಲ” ಎಂದಳು.

ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ನಾನು ಹಿತ ಹೇಳುವವನಂತೆ, “ಪೀಠದ ಚಿತ್ರಗಳು ಸೊಗಸಾಗಿವೆ. ಅವನ್ನು ತೋರಿಸು, ಉಳಿದುದನ್ನು ಯಾರು ಬಂದು ನೋಡುತ್ತಾರೆ?” ಎಂದೆನು. ಇನ್ಸ್ಪೆಕ್ಟರು ಬರುವ ದಿನ ಜಾಣ ಹುಡುಗರನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದ ಮೇಷ್ಟರ ಬುದ್ಧಿ ಅದು. ಅವಳು ನನ್ನನ್ನೇ ನೋಡಿ, “ಹಾಗಾದರೆ ಆ ಅಜ್ಜಿ ಹೇಳಿದ್ದನ್ನು ಯಾರು ಹೇಳಬೇಕು, ತಾತ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಿದ್ರೆ ಬರಲಿಲ್ಲ. ಪಾಠಶಾಲೆಯ ನೆನಪಾಯಿತು. ನಮ್ಮ ಗುರುಗಳು ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ನಮ್ಮಿಂದಲೇ ಪೂರ್ವಪಕ್ಷವನ್ನು ಮಾಡಿಸುತ್ತಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಬಲವಾಗಿ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲ ಎಂಬುದು ಅವರ ಕಟ್ಟಳೆ. ದುರ್ಬಲವಾಗಿ ಹೇಳಿದರೆ ಮತ್ತೆ ಮೊದಲಿಂದ ಹೇಳಬೇಕಾಗಿತ್ತು. ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು, ಮೊಮ್ಮಗಳಿಗೆ ಪೂರ್ವಪಕ್ಷವನ್ನು ಬಾಗಿಲ ಹಿಂದೆ ಅಡಗಿಸೆಂದು ಉಪದೇಶಿಸಿದ್ದೆ! ಬೆಳಗಾದ ಕೂಡಲೆ ಅವಳ ಬಳಿಗೆ ಹೋಗಿ, “ನಿನ್ನೆ ನಾನು ಆಡಿದ್ದು ತಪ್ಪು” ಎಂದೆನು. ಆ ವೇಳೆಗೆ ಅವಳು ಮುದುಕಿಯ ಮನೆಗೆ ಹೊರಟು ನಿಂತಿದ್ದಳು.

ಆಮೇಲೆ ಆದುದನ್ನು ಬೇಗ ಹೇಳಿಬಿಡಬಹುದು. ಅವರು ಒಂದೇ ಭಂಗಿಯಲ್ಲಿ ಕೂರುವವರಲ್ಲ; ಗಳಿಗೆಗೊಮ್ಮೆ ಕಾಲು ಬದಲಿಸುವರು, ಮಗುವನ್ನು ತೊಡೆಗೆ ಹಾಕಿಕೊಳ್ಳುವರು, ಷರಾಯಿಯನ್ನು ಸುತ್ತಲೂ ಹೊರಳಿಸುವರು. ಮರ ಬಗ್ಗದು. ಆದುದರಿಂದ ಕಾರ್ಖಾನೆಯಲ್ಲಿ ಉಳಿದ ಜೀನ್ಸ್ ತುಂಡುಗಳಿಂದಲೇ ಸೊಂಟಕ್ಕೆ ಕಟ್ಟಿ ತೊಡೆಯ ಮೇಲೆ ಹರಡುವ ಒಂದು ಬಟ್ಟೆ. ಅಂಚಿನಲ್ಲಿ ದಾರ ಬೀಳುವ ಚೀಲ. ಬೆನ್ನಿಗೆ ಒಂದು ಸಣ್ಣ ದಿಂಬು. ಚೀಲವು ಬಲಕ್ಕಿರಬೇಕೆಂದು ಒಬ್ಬಳು, ಎಡಚಿಯಾದ ಇನ್ನೊಬ್ಬಳು ಎಡಕ್ಕೆಂದು ಹೇಳಲಾಗಿ, ಅತ್ತಿತ್ತ ಬದಲಿಸುವ ಗುಂಡಿ ಬಂದಿತು. ಯಾರು ಏನು ತಿದ್ದಿದರೆಂಬುದನ್ನು ಹುಡುಗಿ ಒಂದೊಂದಾಗಿ ಬರೆದಿಟ್ಟಳು. ಪರೀಕ್ಷಕರ ಮುಂದೆ ಪೀಠವನ್ನೂ ಬಟ್ಟೆಯನ್ನೂ ಜೊತೆಯಾಗಿಯೇ ಇಟ್ಟಳಂತೆ; ಅವರು ಹೆಚ್ಚು ಹೊತ್ತು ಕೇಳಿದ್ದು ಪೀಠದ ವಿಷಯವನ್ನೇ ಅಂತೆ. ತೇರ್ಗಡೆಯಾದಳು.

ಬೆನ್ನು ನೋವು ಕಡಮೆಯಾದರೂ ಆ ಹೆಂಗಸರ ಕೂಲಿ ಒಂದು ಕಾಸೂ ಹೆಚ್ಚಲಿಲ್ಲ. ತನ್ನ ವಿನ್ಯಾಸಕ್ಕೆ ಎಟುಕದೆ ಉಳಿದ ನೋವು ಇದೆಂದು ವರದಿಯ ಕಡೆಯ ಪುಟದಲ್ಲಿ ಅವಳೇ ಬರೆದಿದ್ದಾಳೆ. ಅದನ್ನು ಓದಿದಾಗ, ಆ ವಿದ್ಯೆಗೆ ನಾಲ್ಕು ವರ್ಷ ಹೆಚ್ಚಲ್ಲವೆಂದು ತೋರಿತು.

ಮುದುಕಿಯು ಹಿಂದಕ್ಕೆ ತಂದ ಪೀಠವು ನನ್ನಲ್ಲಿಯೇ ಇದೆ. ಕಾಲು ಚಾಚುವ ಅಗತ್ಯವಿಲ್ಲದ ನನಗೆ ಗ್ರಂಥವನ್ನು ಇಟ್ಟು ಓದುವುದಕ್ಕೆ ಅದು ಬಹಳ ಅನುಕೂಲವಾಗಿದೆ. ಈ ನಾಲ್ಕು ಮಾತುಗಳನ್ನು ಬರೆದುದೂ ಅದರ ಮೇಲೆಯೇ.